ಕ್ಯಾಬಿನ್ ಒಳಗೆ ಎಸಿ ನೀರು: ಹಿಟಾಚಿ, ಡಂಪರ್, ಕಟಾವು ಯಂತ್ರದವರಿಗೆ

ಸಂಡೂರು, ದೋಣಿಮಲೈ ಕಬ್ಬಿಣದ ಅದಿರು ಗಣಿಗಳ ಕಡೆ ಇದು ವರ್ಷವರ್ಷ ನಡೆಯುವ ಕಥೆ. ಮೇ ತಿಂಗಳಿಡೀ ತಕರಾರಿಲ್ಲದೆ ಓಡಿದ ಎಸಿ, ಜೂನ್‌ನಲ್ಲಿ ಎರಡು ಮಳೆ ಬಿದ್ದ ಕೂಡಲೆ ಸೀಟಿನ ಕೆಳಗೆ ನೀರು ಬಿಡಲು ಶುರು ಮಾಡುತ್ತದೆ. ಆಪರೇಟರ್ "ಎಸಿ ಕೆಟ್ಟೈತಿ" ಅನ್ನುತ್ತಾನೆ, ಮೆಕ್ಯಾನಿಕ್ ಬಂದು ಗ್ಯಾಸ್ ತುಂಬುತ್ತಾನೆ, ನೀರು ಮಾತ್ರ ನಿಲ್ಲುವುದಿಲ್ಲ. ನೀರು ಹುಟ್ಟುತ್ತಿದೆ ಎಂದರೆ ಎಸಿ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಆ ನೀರು ಹೊರಗೆ ಹೋಗುವ ದಾರಿ ಬೇಸಿಗೆಯಲ್ಲೇ ಮುಚ್ಚಿಹೋಗಿತ್ತು, ಮಳೆಗಾಲ ಬಂದು ಅದನ್ನು ಬಯಲು ಮಾಡಿತು, ಅಷ್ಟೆ.

ಬಳ್ಳಾರಿಯ ಏಪ್ರಿಲ್ ಹವೆ ಬಿಸಿ, ಆದರೆ ಒಣ. ಕೂಲಿಂಗ್ ಕಾಯಿಲ್ ಮೇಲೆ ಆಗ ಕಟ್ಟುವ ನೀರು ಕಡಿಮೆ. ಕಾಯಿಲ್ ಕೆಳಗೆ ನೀರು ಹಿಡಿಯುವ ಟ್ರೇಗೆ ಬಿದ್ದ ಕೆಂದೂಳನ್ನು ತೊಳೆದು ಹಾಕುವಷ್ಟು ಅದಕ್ಕೆ ಬಲವಿಲ್ಲ, ಕಲಸಿ ಮುದ್ದೆ ಮಾಡುವುದಕ್ಕೆ ಮಾತ್ರ ಸಾಕು. ಅದಿರಿನ ಧೂಳು ನುಣ್ಣಗೆ, ಭಾರವಾಗಿ ಇರುತ್ತದೆ. ಟ್ರೇಯ ಮೂಲೆಯಲ್ಲಿ, ನೀರು ಹೊರಗೆ ಒಯ್ಯುವ ಡ್ರೇನ್ ಪೈಪಿನ ಬಾಯಲ್ಲಿ ಕೂತು ಒಣಗಿದರೆ ಸಿಮೆಂಟ್ ಗಾರೆಯ ಹಾಗೆ ಹಿಡಿದುಕೊಳ್ಳುತ್ತದೆ. ಮಳೆಗಾಲದ ಬೆಳಗಿನ ಜಾವ ದೊಡ್ಡ ಕ್ಯಾಬಿನ್‌ನ ಎಸಿ ಗಂಟೆಗೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ನೀರು ಇಳಿಸಬಲ್ಲದು. ಎಂಟು ಗಂಟೆಯ ಪಾಳಿಗೆ ಲೆಕ್ಕ ಹಾಕಿದರೆ ಅರ್ಧ ಕೊಡಕ್ಕೂ ಮೀರಬಹುದು. ದಾರಿ ಮುಚ್ಚಿದ್ದರೆ ಅಷ್ಟೂ ನೀರು ಟ್ರೇ ಅಂಚು ದಾಟಿ ಒಳಗೇ ಇಳಿಯುತ್ತದೆ.

ಇದನ್ನು "ಸ್ವಲ್ಪ ನೀರು ತಾನೆ" ಎಂದು ಬಿಡುವ ಹಾಗಿಲ್ಲ. ಬಹಳಷ್ಟು ಹಿಟಾಚಿಗಳಲ್ಲಿ (ಮಣ್ಣು ಅಗೆಯುವ ಯಂತ್ರ) ಎಸಿ ಯೂನಿಟ್ ಸೀಟಿನ ಹಿಂದೆ ಇರುತ್ತದೆ. ಫ್ಯೂಸ್ ಬಾಕ್ಸ್, ಕಂಟ್ರೋಲರ್, ವೈರ್‌ಗಳನ್ನು ಜೋಡಿಸುವ ಕಪ್ಲರ್‌ಗಳೂ ಅಲ್ಲೇ ಒತ್ತಟ್ಟಿಗೆ ಇರುತ್ತವೆ. ನೀರು ಕಪ್ಲರ್ ಸೇರಿದರೆ ಪಿನ್‌ಗಳು ಹಸಿರು ಕಟ್ಟುತ್ತವೆ, ಆಮೇಲೆ ಸುಳ್ಳು ಎರರ್ ಕೋಡ್ ಬರುತ್ತದೆ, ಸ್ಟಾರ್ಟ್ ಆಗದ ತೊಂದರೆ ಬರುತ್ತದೆ. ಒಂದು ಡ್ರೇನ್ ಪೈಪಿನ ಬೆಲೆಗೂ ಒಂದು ಕಂಟ್ರೋಲರಿನ ಬೆಲೆಗೂ ಅಜಗಜಾಂತರ.

ಯಾವ ನೀರು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಪಾನಾ ಹಿಡಿಯುವ ಮುಂಚೆ ಹತ್ತು ನಿಮಿಷ ನೋಡಿ. ಕುಡಿಯುವ ನೀರಿನ ಬಾಟಲ್ ಉರುಳಿದೆಯಾ ಅನ್ನುವುದನ್ನೂ ನೋಡಿ. ನಗಬೇಡಿ, ಸೀಟ್ ಬಿಚ್ಚಿದ ಮೇಲೆ ಬಾಟಲ್ ಸಿಕ್ಕರೆ ನಗುವವರು ಬೇರೆ ಇರುತ್ತಾರೆ. ಕೆಲವು ಕ್ಯಾಬಿನ್‌ಗಳಲ್ಲಿ ಎಸಿ ಗಾಳಿಯಿಂದಲೇ ತಣ್ಣಗಾಗುವ ಬಾಟಲ್ ಪೆಟ್ಟಿಗೆ ಇರುತ್ತದೆ, ಅದರ ತಳದಲ್ಲೂ ಬೆವರು ನೀರು ನಿಲ್ಲುತ್ತದೆ.

ಎಸಿ ನೀರು ತಣ್ಣಗೆ, ತೆಳ್ಳಗೆ ಇರುತ್ತದೆ, ಹೆಚ್ಚೆಂದರೆ ಧೂಳಿನ ಕೆಂಪು ಬೆರೆತಿರುತ್ತದೆ. ಎಸಿ ಹಾಕಿ ಅರ್ಧ ಗಂಟೆ, ಒಂದು ಗಂಟೆಯಾದ ಮೇಲೆ ಕಾಣಿಸುತ್ತದೆ. ಎಸಿ ಬಂದ್ ಇಟ್ಟ ದಿನವೂ ನೆಲ ಒದ್ದೆಯಾಗುತ್ತಿದ್ದರೆ ಅದು ಎಸಿ ನೀರಲ್ಲ. ಮಳೆ ಬಂದ ದಿನ ಅಥವಾ ಯಂತ್ರ ತೊಳೆದ ದಿನ ಮಾತ್ರ ಬಂದರೆ ಬಾಗಿಲ ರಬ್ಬರ್, ಗಾಜಿನ ಅಂಚು, ವೈರ್ ಒಳಬರುವ ತೂತು ಇವುಗಳ ಮೇಲೆ ಅನುಮಾನ ಪಡಬೇಕು. ವೈಪರ್ ನೀರಿನ ಟ್ಯಾಂಕಿನ ಪೈಪ್ ಕಳಚಿಕೊಂಡರೂ ನೆಲ ನೆನೆಯುತ್ತದೆ. ವೈಪರ್ ನೀರಿನ ಬಟನ್ ಒತ್ತಿದಾಗ ಹೆಚ್ಚಾದರೆ ಗುಟ್ಟು ಅಲ್ಲೇ ಇದೆ.

ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಬೇರೆಯೇ ಜಾತಿ. ಕ್ಯಾಬಿನ್‌ನಲ್ಲಿ ಹೀಟರ್ ಇದ್ದರೆ ಎಂಜಿನ್‌ನ ಕೂಲೆಂಟ್ ಸೀಟಿನ ಹಿಂದಿನ ಅದೇ ಪೆಟ್ಟಿಗೆಗೆ ಬಂದು ಹೋಗುತ್ತದೆ. ಬೆರಳಲ್ಲಿ ಉಜ್ಜಿ ನೋಡಿ: ಜಾರಿದರೆ, ಸಿಹಿ ವಾಸನೆ ಬಂದರೆ, ಹಸಿರೋ ಕೆಂಪೋ ಬಣ್ಣವಿದ್ದರೆ ಅದು ಕೂಲೆಂಟ್. ಮುಂದಿನ ಗಾಜಿನ ಒಳಗಡೆ ಬಟ್ಟೆಯಲ್ಲಿ ಒರೆಸಿದರೂ ಹೋಗದ ಜಿಡ್ಡು ಮಂಜು ಕಟ್ಟುವುದು ಇನ್ನೊಂದು ಗುರುತು. ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸ ಕೆಲವರಿಗಿದೆ, ಬೇಡ, ಅದು ವಿಷ. ಕೂಲೆಂಟ್ ಎಂದು ಖಾತ್ರಿಯಾದರೆ ಎಂಜಿನ್ ತಣ್ಣಗಾದ ಮೇಲೆ ಹೀಟರ್‌ಗೆ ಹೋಗುವ ವಾಲ್ವ್ ಮುಚ್ಚಿ, ಕೂಲೆಂಟ್ ಮಟ್ಟ ನೋಡಿ, ಹೀಟರ್ ಕೋರ್ ಬದಲಿಸಿ. ನಮ್ಮ ಕಡೆಯ ಬಿಸಿಲಿಗೆ ಹೀಟರ್ ಯಾರಿಗೂ ಬೇಕಾಗುವುದಿಲ್ಲ ಎಂದು ಲೈನನ್ನೇ ಮುಚ್ಚಿ ಓಡಿಸುವವರು ಉಂಟು. ಕಂಪನಿಯ ಕೈಪಿಡಿ ಒಪ್ಪಿದರೆ ಅದರಲ್ಲಿ ತಪ್ಪಿಲ್ಲ, ಆದರೆ ಹೋಸಿನ ಬಾಯಿಗೆ ಬೋಲ್ಟ್ ತುರುಕಿ ಮುಚ್ಚುವುದು ರಿಪೇರಿ ಅಲ್ಲ.

ಎಸಿ ನೀರೇ ಎಂದು ಗೊತ್ತಾದರೆ, ಮುಂದೆ ಅದು ಯಾವಾಗ ಬರುತ್ತದೆ ಎಂದು ಆಪರೇಟರನ್ನೇ ಕೇಳಿ. ಪಾಳಿಯಿಡೀ ಅಲ್ಲಿ ಕೂತವನಿಗೆ ಗೊತ್ತಿರುವಷ್ಟು ಮೀಟರಿಗೂ ಗೊತ್ತಿರುವುದಿಲ್ಲ. ಮೆಲ್ಲಗೆ, ಬಿಡದೆ ಬಂದರೆ ಡ್ರೇನ್ ಕಟ್ಟಿದೆ. ಬ್ಲೋವರ್ (ಎಸಿ ಗಾಳಿ ತಳ್ಳುವ ಫ್ಯಾನ್) ಬಂದ್ ಮಾಡಿದ ಕೂಡಲೆ ಒಮ್ಮೆಗೇ ಸುರಿದರೆ ಗಾಳಿಯ ಸೆಳೆತ ನೀರನ್ನು ಹಿಡಿದಿಟ್ಟಿತ್ತು. ಒಂದು ಗಂಟೆ ಚೆನ್ನಾಗಿ ತಂಪಾಗಿ, ಆಮೇಲೆ ಗಾಳಿ ಕಡಿಮೆಯಾಗಿ, ಊಟಕ್ಕೆ ನಿಲ್ಲಿಸಿದಾಗ ಹೊಳೆ ಹರಿದರೆ ಕಾಯಿಲ್ ಮೇಲೆ ಐಸ್ ಕಟ್ಟಿತ್ತು. ಇಳಿಜಾರಿನಲ್ಲಿ ಮಾತ್ರ ಬಂದರೆ ಎರಡು ಡ್ರೇನ್‌ಗಳಲ್ಲಿ ಒಂದು ಮುಚ್ಚಿದೆ. ಗಾಳಿ ಬರುವ ಜಾಲರಿಯಿಂದಲೇ ಮುಖಕ್ಕೆ ಹನಿ ಸಿಡಿದರೆ ಕಾಯಿಲ್ ಕೊಳೆಯಾಗಿದೆ: ಕಾಯಿಲ್ ಮೇಲಿನ ತೆಳು ತಗಡಿನ ಪಟ್ಟಿಗಳಲ್ಲಿ (ಫಿನ್) ಅರ್ಧ ಮುಚ್ಚಿದಾಗ ಉಳಿದರ್ಧದಲ್ಲಿ ಗಾಳಿಯ ವೇಗ ಹೆಚ್ಚಿ, ಕೆಳಗಿಳಿಯಬೇಕಾದ ಹನಿಯನ್ನು ಹೊತ್ತುಕೊಂಡೇ ಬರುತ್ತದೆ. ಬ್ಲೋವರನ್ನು ಎರಡು ಹಂತ ಇಳಿಸಿದಾಗ ಹನಿ ನಿಂತರೆ ಇದು ಖಾತ್ರಿ.

ಬಿಚ್ಚುವ ಮುನ್ನ

ಯಂತ್ರ ಸಮತಟ್ಟು ಜಾಗದಲ್ಲಿರಲಿ. ಬಕೆಟ್ ನೆಲಕ್ಕೆ ಇಳಿಸಿ, ಹೈಡ್ರಾಲಿಕ್ ಲಾಕ್ ಲಿವರ್ ಹಾಕಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಡಂಪರ್ ಆದರೆ ಗಾಲಿಗೆ ಅಡ್ಡಗಟ್ಟೆ ಕೊಡಿ. ಬ್ಯಾಟರಿ ಕಟ್ ಆಫ್ ಸ್ವಿಚ್ ಬಂದ್ ಮಾಡಿ, "ಕೆಲಸ ನಡೆದಿದೆ" ಎಂದು ಬೋರ್ಡ್ ತೂಗುಹಾಕಿ. ಮೂಗಿಗೆ ಎನ್-95 ಮಾಸ್ಕ್ ಬೇಕು; ಕರವಸ್ತ್ರ ಕಟ್ಟಿಕೊಂಡರೆ ಅದಿರಿನ ನುಣ್ಣನೆ ಧೂಳು ನಿಲ್ಲುವುದಿಲ್ಲ. ಗ್ಯಾಸ್ ಪೈಪಿನ ಯಾವ ನಟ್ಟನ್ನೂ ಮುಟ್ಟಬೇಡಿ. ಎಸಿಯಲ್ಲಿ ತುಂಬುವ ಆರ್-134ಎ ಗ್ಯಾಸ್ ಸೊನ್ನೆಗಿಂತ 26 ಡಿಗ್ರಿ ಕೆಳಗೆ ಕುದಿಯುತ್ತದೆ; ಅದು ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ನೀರು ಸೋರುವುದನ್ನು ಸರಿ ಮಾಡಲು ಹೆಚ್ಚಿನ ಸಲ ಗ್ಯಾಸ್ ಲೈನ್ ಬಿಚ್ಚುವ ಅಗತ್ಯವೇ ಇರುವುದಿಲ್ಲ.

ಬೇಕಾದದ್ದು ಇಷ್ಟು: ಪಾನಾ ಸೆಟ್, ಸ್ಕ್ರೂಡ್ರೈವರ್, ಟಾರ್ಚ್, ಒಂದು ಲೀಟರ್ ಬಾಟಲ್, ಬಕೆಟ್, ಮೆತ್ತನೆ ಬ್ರಷ್, ನೀರು ಎಳೆಯುವ ವ್ಯಾಕ್ಯೂಮ್ ಕ್ಲೀನರ್, ಬೈಕಿನ ಹಳೇ ಕ್ಲಚ್ ಕೇಬಲ್, ಹೋಸ್ ಕ್ಲಿಪ್ ನಾಲ್ಕು, ಹೊಸ ಡ್ರೇನ್ ಹೋಸ್ ಎರಡು ಮೂರು ಮೀಟರ್. ಹೋಸಿನ ಒಳ ಅಳತೆ ಸಾಮಾನ್ಯವಾಗಿ 12ರಿಂದ 16 ಮಿ.ಮೀ. ಇರುತ್ತದೆ. ಹಳೆಯದರ ತುಂಡು ಕತ್ತರಿಸಿ ಅಂಗಡಿಗೆ ಒಯ್ಯಿರಿ, ಅಂದಾಜಿನ ಮೇಲೆ ತರಬೇಡಿ.

ಡ್ರೇನ್ ದಾರಿ

ಮೊದಲು ಯಂತ್ರದ ಕೆಳಗಿನಿಂದ ಡ್ರೇನ್ ಪೈಪಿನ ತುದಿ ಹುಡುಕಿ. ಹಿಟಾಚಿಯಲ್ಲಿ ಸಾಮಾನ್ಯವಾಗಿ ಕ್ಯಾಬಿನ್‌ನ ನೆಲ ತೂರಿ ಹಿಂಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಇಳಿದಿರುತ್ತವೆ. ಕಟಾವು ಯಂತ್ರ ಮತ್ತು ಎಸಿ ಕ್ಯಾಬಿನ್ ಟ್ರ್ಯಾಕ್ಟರ್‌ಗಳಲ್ಲಿ ಎಸಿ ಬಹುಮಟ್ಟಿಗೆ ಚಾವಣಿಯಲ್ಲಿರುತ್ತದೆ, ಪೈಪ್ ಕ್ಯಾಬಿನ್ ಕಂಬದ ಒಳಗಿನಿಂದ ಇಳಿಯುತ್ತದೆ. ಅಂಥ ಕಡೆ ಚಾವಣಿಯ ಬಟ್ಟೆಯಿಂದ ಹನಿ ಬಿದ್ದರೆ ಮಳೆ ನೀರು ಎಂದು ಮೋಸ ಹೋಗುವುದು ಸುಲಭ. ತುದಿ ಎರಡೂ ಸಿಗುವ ತನಕ ಹುಡುಕಿ. ಒಂದೇ ಸಿಕ್ಕಿತು ಎಂದು ನಿಲ್ಲಿಸಿದರೆ ಕೆಟ್ಟಿರುವುದು ಇನ್ನೊಂದೇ ಆಗಿರುತ್ತದೆ.

ತುದಿಯಲ್ಲಿ ಬಾತುಕೋಳಿ ಕೊಕ್ಕಿನ ಹಾಗೆ ಸೀಳಿದ ರಬ್ಬರ್ ವಾಲ್ವ್ ಇರಬೇಕು. ಎರಡು ಬೆರಳಲ್ಲಿ ಹಿಸುಕಿ. ಕೆಂಪು ಕೆಸರು ಒಣಗಿ ಸೀಳು ಅಂಟಿಕೊಂಡಿದ್ದರೆ ಹಿಸುಕಿದ ಕೂಡಲೆ ಗಳಗಳ ನೀರು ಬೀಳುತ್ತದೆ. ಮೂರು ಪಾಳಿಯ ತಕರಾರು ಕೆಲವು ಸಲ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಸೀಟ್ ತೆಗೆಯಬೇಕು. ಸಸ್ಪೆನ್ಷನ್ ಸೀಟ್ ಭಾರ, ಇಬ್ಬರು ಹಿಡಿಯಿರಿ. ಅಡಿಯ ಸ್ವಿಚ್ ವೈರಿನ ಕಪ್ಲರನ್ನು ಲಾಕ್ ಒತ್ತಿ ಬಿಡಿಸಿ, ವೈರ್ ಹಿಡಿದು ಎಳೆಯಬೇಡಿ. ಹಿಂದಿನ ಪ್ಲಾಸ್ಟಿಕ್ ಕವರ್‌ನ ಕ್ಲಿಪ್‌ಗಳು ಬಿಸಿಲಿಗೆ ಪೆಡಸಾಗಿರುತ್ತವೆ, ಬೆಳಿಗ್ಗೆಯ ತಂಪಿನಲ್ಲಿ ಬಿಚ್ಚಿದರೆ ಮುರಿಯುವುದು ಇನ್ನೂ ಹೆಚ್ಚು. ಸ್ವಲ್ಪ ಬಿಸಿಲೇರಿದ ಮೇಲೆ ಕೈ ಹಾಕಿ. ಎಸಿ ಯೂನಿಟ್‌ನ ಮೇಲಿನ ಮುಚ್ಚಳ ತೆಗೆದರೆ ಕಾಯಿಲ್ ಮತ್ತು ಅದರ ಕೆಳಗಿನ ಟ್ರೇ ಕಾಣುತ್ತದೆ.

ಟ್ರೇಯಲ್ಲಿ ನಿಂತ ಕೆಸರನ್ನು ನೀರು ಹಾಕಿ ಡ್ರೇನ್‌ಗೆ ನೂಕಬೇಡಿ. ಎಲ್ಲರೂ ಮಾಡುವ ಮೊದಲ ತಪ್ಪು ಇದೇ. ಬ್ರಷ್, ವ್ಯಾಕ್ಯೂಮ್, ಬಟ್ಟೆ, ಏನಾದರೂ ಹಿಡಿದು ಮೇಲಿನಿಂದಲೇ ಎತ್ತಿ ತೆಗೆಯಿರಿ. ಆಮೇಲೆ ಡ್ರೇನ್ ಹೋಸಿನ ಮೇಲ್ತುದಿಯನ್ನು ಟ್ರೇಯ ಮೂತಿಯಿಂದ ಬಿಡಿಸಿ, ಹೋಸನ್ನು ಬೇರೆಯಾಗಿ, ಟ್ರೇ ಮೂತಿಯನ್ನು ಬೇರೆಯಾಗಿ ಶುಚಿ ಮಾಡಿ. ಕ್ಲಚ್ ಕೇಬಲ್ ಬಾಗುತ್ತದೆ, ತುದಿಯನ್ನು ಮಡಚಿ ನುಣುಪು ಮಾಡಿಕೊಂಡರೆ ಹೋಸಿಗೆ ಗಾಯವಾಗುವುದಿಲ್ಲ. ಬೈಂಡಿಂಗ್ ವೈರ್ ಹಾಕಿ ತಿವಿಯುವವರು ಹೋಸನ್ನು ಒಳಗೇ ತೂತು ಮಾಡಿರುತ್ತಾರೆ. ಕಟ್ಟಿದ್ದೇನೋ ಬಿಡುತ್ತದೆ, ನೀರು ಮಾತ್ರ ನೆಲದ ಮ್ಯಾಟಿನ ಕೆಳಗೆ ಇಳಿಯುತ್ತಲೇ ಇರುತ್ತದೆ.

ಗಾಳಿ ಹೊಡೆಯುವ ಮಾತು. ವರ್ಕ್‌ಶಾಪಿನ ಕಂಪ್ರೆಸರ್ 7-8 ಬಾರ್ ಒತ್ತಡದಲ್ಲಿರುತ್ತದೆ. ಕೆಳಗಿನ ತುದಿಗೆ ಅದನ್ನು ಹಿಡಿದು ಒಮ್ಮೆ ಹೊಡೆದರೆ ಎರಡು ಅನಾಹುತ: ಕೆಸರೆಲ್ಲ ಮೇಲೆ ಹಾರಿ ಕಾಯಿಲ್‌ನ ಫಿನ್‌ಗಳಿಗೆ ಮೆತ್ತುತ್ತದೆ, ಇಲ್ಲವೇ ಕ್ಲಿಪ್ ಇಲ್ಲದ ಹೋಸ್ ಟ್ರೇ ಮೂತಿಯಿಂದ ಕಳಚಿ ಬೀಳುತ್ತದೆ. ಹೊರಗಿನಿಂದ ನೋಡಿದರೆ ಪೈಪ್ ಇದ್ದಲ್ಲೇ ಇದೆ, ಒಳಗೆ ಟ್ರೇಗೂ ಅದಕ್ಕೂ ಸಂಬಂಧವೇ ಇಲ್ಲ. "ಡ್ರೇನ್ ಕ್ಲೀನ್ ಮಾಡಿಸಿದ ಮೇಲೆ ಸೋರುವುದು ಜಾಸ್ತಿಯಾಯಿತು" ಎಂದು ಯಾರಾದರೂ ಹೇಳಿದರೆ ಮೊದಲು ನೋಡಬೇಕಾದ್ದು ಈ ಜಾಗ. ಗಾಳಿ ಹೊಡೆಯಲೇಬೇಕಾದರೆ ಮೇಲ್ತುದಿ ಬಿಚ್ಚಿ, ಒತ್ತಡವನ್ನು 2 ಬಾರ್‌ಗೆ ಇಳಿಸಿಕೊಂಡು ಹೊಡೆಯಿರಿ. ಸೀಟ್ ತೆಗೆಯಲು ಸಮಯವಿಲ್ಲದಿದ್ದರೆ ಕೆಳತುದಿಗೆ ವ್ಯಾಕ್ಯೂಮ್ ಹಚ್ಚಿ ಬಟ್ಟೆ ಸುತ್ತಿ ಎರಡು ನಿಮಿಷ ಎಳೆಯಿರಿ. ಊದುವುದಕ್ಕಿಂತ ಎಳೆಯುವುದು ಎಂದೆಂದಿಗೂ ವಾಸಿ.

ಕಾಯಿಲ್ ತೊಳೆಯಲು ಉಗುರುಬೆಚ್ಚಗಿನ ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ 10-15 ಮಿ.ಲೀ. ಬೆರೆಸಿ, ಗಿಡಕ್ಕೆ ಸಿಂಪಡಿಸುವ ಸ್ಪ್ರೇ ಬಾಟಲಿಯಲ್ಲಿ ಹೊಡೆದು ಹತ್ತು ನಿಮಿಷ ಬಿಟ್ಟು, ಫಿನ್‌ನ ಉದ್ದಕ್ಕೆ ಬ್ರಷ್ ಎಳೆಯಿರಿ. ಅಡ್ಡಕ್ಕೆ ಎಳೆದರೆ ಫಿನ್ ಮಡಚುತ್ತದೆ. ತೊಳೆದ ನೀರು ಕಂಟ್ರೋಲರ್ ಕಡೆ ಹೋಗದಂತೆ ಮೊದಲೇ ಪ್ಲಾಸ್ಟಿಕ್ ಹೊದಿಸಿರಿ. ಟಾಯ್ಲೆಟ್ ತೊಳೆಯುವ ಆಸಿಡ್, ಕಾಸ್ಟಿಕ್ ಸೋಡಾ ಎರಡೂ ಅಲ್ಯೂಮಿನಿಯಂ ತಿನ್ನುತ್ತವೆ. ಇವತ್ತು ಬೆಳ್ಳಗೆ ಹೊಳೆದ ಕಾಯಿಲ್ ಮುಂದೊಂದು ದಿನ ಗ್ಯಾಸ್ ಸೋರಿಸುತ್ತದೆ. ಡೀಸೆಲ್, ಪೆಟ್ರೋಲ್ ಸುಳಿಯಲೂ ಬಾರದು.

ಹೋಸ್ ಗಟ್ಟಿಯಾಗಿದ್ದರೆ, ಬಿರಿದಿದ್ದರೆ, ಎಲ್ಲಾದರೂ ಚಪ್ಪಟೆಯಾಗಿದ್ದರೆ ಬದಲಿಸಿ. ರಬ್ಬರ್ ಹೋಸ್ ಒಳ್ಳೆಯದು. ಪಾರದರ್ಶಕ ಪ್ಲಾಸ್ಟಿಕ್ ಪೈಪಿನಲ್ಲಿ ಕೆಸರು ಕಣ್ಣಿಗೆ ಕಾಣುತ್ತದೆ ಎಂಬ ಲಾಭವಿದೆ, ಆದರೆ ಎಂಜಿನ್ ಶಾಖಕ್ಕೆ ಬೇಗ ಮರಗಟ್ಟುತ್ತದೆ. ಕೂರಿಸುವಾಗ ಟ್ರೇಯಿಂದ ತುದಿಯ ತನಕ ಇಳಿಜಾರು ಎಲ್ಲೂ ತಪ್ಪಬಾರದು. ನಡುವೆ ಜೋಲಿ ಬಿದ್ದ ಕಡೆ ಕೆಸರು ಕೂರುತ್ತದೆ. ಕ್ಯಾಬಿನ್ ರಬ್ಬರ್ ಮೌಂಟ್‌ಗಳ ಮೇಲೆ ಅಲುಗಾಡುತ್ತದೆ, ಅದಕ್ಕಾಗಿ ನೆಲ ದಾಟುವಲ್ಲಿ ಎರಡು ಬೆರಳಷ್ಟು ಸಡಿಲ ಬಿಡಿ. ಮೌಂಟ್ ಕುಸಿದು ಕ್ಯಾಬಿನ್ ಒಂದು ಕಡೆ ವಾಲಿದ್ದರೆ ಹೋಸ್ ಅದರಡಿ ಸಿಕ್ಕಿಕೊಳ್ಳುತ್ತದೆ, ಆಗ ಮೌಂಟ್ ಬದಲಿಸದೆ ಬೇರೆ ಮದ್ದಿಲ್ಲ. ತುದಿ ಸೈಲೆನ್ಸರ್ ಹತ್ತಿರವೋ ಬ್ಯಾಟರಿ ಮೇಲೋ ಬಿಡಬೇಡಿ.

ಮುಚ್ಚುವ ಮುನ್ನ ಪರೀಕ್ಷೆ: ಒಂದು ಲೀಟರ್ ನೀರು ಅಳೆದು ಟ್ರೇಗೆ ಮೆಲ್ಲಗೆ ಸುರಿಯಿರಿ, ಕೆಳಗೆ ಬಕೆಟ್ ಇಡಿ. ಎರಡು ನಿಮಿಷದೊಳಗೆ ಬಹುಪಾಲು ಬಕೆಟ್ ಸೇರಬೇಕು. ಮುಕ್ಕಾಲು ಲೀಟರ್ ಮಾತ್ರ ಬಂದು ಟ್ರೇ ಒಣಗಿದ್ದರೆ ಉಳಿದ ಕಾಲು ಲೀಟರ್ ಎಲ್ಲಿ ಹೋಯಿತು? ಟ್ರೇ ಸೀಳಿದೆ ಅಥವಾ ಮೂತಿ ಸೋರುತ್ತಿದೆ. ಒಂದು ಡ್ರೇನ್ ಬೆರಳಲ್ಲಿ ಮುಚ್ಚಿ ಇನ್ನೊಂದನ್ನು, ಆಮೇಲೆ ಅದಲುಬದಲು ಮಾಡಿ ನೋಡಿ.

ಗಾಳಿ ಹಿಡಿದಿಡುವ ನೀರು

ಡ್ರೇನ್ ಪೂರ್ತಿ ಶುಚಿಯಿದ್ದೂ ಸೋರುವ ಯಂತ್ರಗಳಿವೆ. ಮೆಕ್ಯಾನಿಕ್‌ಗಳು ಹೆಚ್ಚು ಸೋಲುವುದು ಇಲ್ಲಿ. ಬಹಳ ಯೂನಿಟ್‌ಗಳಲ್ಲಿ ಬ್ಲೋವರ್ ಕಾಯಿಲ್‌ನ ಆಚೆ ಕೂತು ಗಾಳಿಯನ್ನು ಅದರ ಮೂಲಕ ಎಳೆಯುತ್ತದೆ. ಆಗ ಟ್ರೇ ಇರುವ ಜಾಗದಲ್ಲಿ ಹೊರಗಿಗಿಂತ ಒತ್ತಡ ಕಡಿಮೆ. ಡ್ರೇನ್ ತುದಿ ಬಾಯಿ ತೆರೆದಿದ್ದರೆ ಹೊರಗಿನ ಗಾಳಿ ಪೈಪಿನೊಳಗೆ ಮೇಲಕ್ಕೆ ನುಗ್ಗುತ್ತದೆ, ಇಳಿಯಬೇಕಾದ ನೀರನ್ನು ಟ್ರೇಯಲ್ಲೇ ತಡೆದು ನಿಲ್ಲಿಸುತ್ತದೆ. ಬ್ಲೋವರ್ ನಿಂತ ಗಳಿಗೆ ಆ ನೀರೆಲ್ಲ ಒಮ್ಮೆಗೇ ಇಳಿಯುತ್ತದೆ, ಅಷ್ಟರಲ್ಲಿ ಟ್ರೇ ತುಂಬಿ ಹೊರಚೆಲ್ಲಿಯೂ ಆಗಿರುತ್ತದೆ. ಕೊಕ್ಕಿನ ವಾಲ್ವ್ ಇರುವುದು ಇದಕ್ಕೇ: ನೀರಿಗೆ ಬಾಯಿ ಬಿಡುತ್ತದೆ, ಮೇಲೇರುವ ಗಾಳಿಗೆ ಮುಚ್ಚಿಕೊಳ್ಳುತ್ತದೆ. "ಇದರಲ್ಲೇ ಕಸ ಕಟ್ಟುತ್ತದೆ" ಎಂದು ಆ ವಾಲ್ವನ್ನು ಕತ್ತರಿಸಿ ಬಿಸಾಕುವ ಚಾಳಿ ಗಣಿಗಳಲ್ಲಿ ಸಾಕಷ್ಟಿದೆ. ಬಿಸಾಕಿದವರು ನೀರಿನ ಜೊತೆಗೆ ಧೂಳಿಗೂ ಬಾಗಿಲು ತೆಗೆದಿರುತ್ತಾರೆ. ಫಿಲ್ಟರ್ ತಪ್ಪಿಸಿ ಕೆಂದೂಳು ನೇರ ಕಾಯಿಲ್‌ಗೆ ಬರುತ್ತದೆ.

ಪರೀಕ್ಷಿಸುವುದು ಸುಲಭ. ಎಂಜಿನ್ ಬಂದ್ ಇಟ್ಟು, ಬ್ಯಾಟರಿ ಸ್ವಿಚ್ ಹಾಕಿ ಕೀ ಆನ್ ಮಾಡಿ ಬ್ಲೋವರನ್ನು ಪೂರ್ತಿ ವೇಗಕ್ಕೆ ಏರಿಸಿ. ಡ್ರೇನ್ ತುದಿಗೆ ತೆಳ್ಳನೆ ಪ್ಲಾಸ್ಟಿಕ್ ಚೂರು ಹಿಡಿಯಿರಿ. ಪೈಪಿನ ಬಾಯಿಗೆ ಅಂಟಿಕೊಂಡರೆ ಸೆಳೆತ ಇದೆ, ವಾಲ್ವ್ ಇಲ್ಲ ಅಥವಾ ಕೆಟ್ಟಿದೆ. ಅಸಲಿ ವಾಲ್ವ್ ಬರುವ ತನಕ ಸೈಕಲ್ ಟ್ಯೂಬಿನ 8-10 ಸೆಂ.ಮೀ. ತುಂಡನ್ನು ಹೋಸಿನ ತುದಿಗೆ ಕ್ಲಿಪ್ ಹಾಕಿ ಬಿಗಿದು ಜೋತುಬಿಡಿ. ಮೆತ್ತಗಿನ ಟ್ಯೂಬ್ ತಾನಾಗಿ ಚಪ್ಪಟೆಯಾಗಿ ಗಾಳಿ ತಡೆಯುತ್ತದೆ, ನೀರಿನ ಭಾರಕ್ಕೆ ತೆರೆಯುತ್ತದೆ. ಹೋಸನ್ನು ಸುರುಳಿ ಮಾಡಿ ಒಂದಿಷ್ಟು ನೀರು ನಿಲ್ಲಿಸುವ ಉಪಾಯವೂ ಇದೆ, ಆದರೆ ನಮ್ಮ ಬೇಸಿಗೆಯಲ್ಲಿ ಆ ನೀರು ಆರಿಹೋಗಿ ಸುರುಳಿಯಲ್ಲಿ ಮಣ್ಣು ಮಾತ್ರ ಉಳಿಯುತ್ತದೆ. ಅದಿರಿನ ಧೂಳಿರುವಲ್ಲಿ ಸುರುಳಿ ಬೇಡ.

ಇದಕ್ಕೂ ಎಸಿ ಫಿಲ್ಟರಿಗೂ ನೇರ ನಂಟು. ಒಳಗಾಳಿಯ ಫಿಲ್ಟರ್ ಕಟ್ಟಿದಷ್ಟೂ ಬ್ಲೋವರ್ ಹೆಚ್ಚು ಜಗ್ಗುತ್ತದೆ, ಟ್ರೇಯಲ್ಲಿ ಸೆಳೆತ ಏರುತ್ತದೆ. ಫಿಲ್ಟರ್ ತೆಗೆದು ಐದು ನಿಮಿಷ ಓಡಿಸಿದಾಗ ಕೆಳಗೆ ನೀರು ಧಾರಾಳ ಬೀಳತೊಡಗಿದರೆ ಕಳ್ಳ ಸಿಕ್ಕಿದ ಹಾಗೆ. ಹಾಗೆಂದು ಫಿಲ್ಟರ್ ಇಲ್ಲದೆ ಓಡಿಸಬೇಡಿ, ಹೊಸದು ಹಾಕಿ.

ಇಳಿಜಾರು

ಗಣಿಯ ಹಾಲ್ ರೋಡ್ (ಅದಿರು ಸಾಗಿಸುವ ರಸ್ತೆ) ಸಾಮಾನ್ಯವಾಗಿ 16ಕ್ಕೆ 1ರ ಏರು, ಅಂದರೆ 16 ಮೀಟರ್ ಹೋದರೆ 1 ಮೀಟರ್ ಎತ್ತರ. ನೋಡಲು ಅಲ್ಪ. ಆದರೆ 50 ಸೆಂ.ಮೀ. ಉದ್ದದ ಟ್ರೇಯ ಒಂದು ತುದಿ ಆ ಏರಿನಲ್ಲಿ ಇನ್ನೊಂದಕ್ಕಿಂತ 3 ಸೆಂ.ಮೀ. ಕೆಳಗಾಗುತ್ತದೆ, ಬಹಳ ಟ್ರೇಗಳ ಅಂಚೇ ಅಷ್ಟು ಎತ್ತರ ಇರುವುದಿಲ್ಲ. ನೀರೆಲ್ಲ ತಗ್ಗಿನ ಕಡೆಗೆ ಬರುತ್ತದೆ, ಆ ಕಡೆಯ ಡ್ರೇನ್ ಮುಚ್ಚಿದ್ದರೆ ತುಳುಕುತ್ತದೆ. ವರ್ಕ್‌ಶಾಪಿನ ಸಮ ನೆಲದಲ್ಲಿ ಎರಡು ತಾಸು ಓಡಿಸಿ "ಏನೂ ಇಲ್ಲ" ಎಂದು ಕಳಿಸಿದ ಯಂತ್ರ ಗಣಿಯ ಬೆಂಚಿಗೆ (ಅದಿರು ಅಗೆಯುವ ಮೆಟ್ಟಿಲು) ಹೋದ ಮರುದಿನವೇ ಸೋರುವುದು ಹೀಗೆ. ಹಿಟಾಚಿಯಲ್ಲಿ ಇನ್ನೊಂದು ಗೊಂದಲ: ಓರೆ ನೆಲದಲ್ಲಿ ನಿಂತು ಮೇಲ್ಭಾಗ ತಿರುಗಿದಂತೆ ತಗ್ಗಿನ ಕಡೆಯೂ ಬದಲಾಗುತ್ತದೆ, ಹಾಗಾಗಿ ಲೋಡ್ ಮಾಡುವ ದಿಕ್ಕಿಗೆ ತಿರುಗಿದಾಗ ಮಾತ್ರ ನೀರು ಕಾಣಬಹುದು. ಎಡಕ್ಕೆ ಸೋರಿದರೆ ಎಡದ ಡ್ರೇನ್ ನೋಡಿ, ಬೇರೆ ಲೆಕ್ಕಾಚಾರ ಬೇಡ.

ಐಸ್ ಕಟ್ಟಿದರೆ

ಗಾಳಿ ಕ್ರಮೇಣ ಕುಗ್ಗಿ, ಗ್ಯಾಸಿನ ಎರಡು ಪೈಪುಗಳಲ್ಲಿ ದಪ್ಪನೆಯದರ ಮೇಲೆ ಬಿಳಿ ಐಸ್ ಕೂತಿದ್ದರೆ ಎಸಿ ಬಟನ್ ಬಂದ್ ಮಾಡಿ, ಬ್ಲೋವರ್ ಮಾತ್ರ ಜೋರಾಗಿ ಓಡಿಸಿ. ಹದಿನೈದು ಇಪ್ಪತ್ತು ನಿಮಿಷಕ್ಕೆ ಕರಗುತ್ತದೆ. ಸ್ಕ್ರೂಡ್ರೈವರಿನಿಂದ ಕೆರೆದರೆ ಕಾಯಿಲ್ ತೂತಾಗುವುದು ಒಂದೇ ಏಟಿಗೆ.

ಕಾರಣಗಳನ್ನು ಅಗ್ಗದಿಂದ ದುಬಾರಿಯ ಕಡೆಗೆ ನೋಡಿಕೊಂಡು ಹೋಗಿ. ಫಿಲ್ಟರ್ ಮತ್ತು ಕಾಯಿಲ್ ಕೊಳೆಯಾಗಿ ಗಾಳಿ ಸಾಲದಿರುವುದು ಮೊದಲನೆಯದು. ಫಿನ್‌ಗಳ ನಡುವೆ ಸಿಕ್ಕಿಸಿದ ತಾಪದ ಸೆನ್ಸರ್ ಜಾರಿರುವುದು ಎರಡನೆಯದು: ಕಾಯಿಲ್ ಸೊನ್ನೆ ಡಿಗ್ರಿ ಸಮೀಪಿಸಿದಾಗ ಎಸಿ ಕಂಪ್ರೆಸರಿನ ಕ್ಲಚ್ ಬಿಡಿಸಿ ಅದನ್ನು ನಿಲ್ಲಿಸಬೇಕಾದ್ದು ಈ ಸೆನ್ಸರ್. ಕಾಯಿಲ್ ತೊಳೆದವರು ಸೆನ್ಸರನ್ನು ಹೊರಗೇ ಜೋತುಬಿಟ್ಟು ಮುಚ್ಚಳ ಹಾಕಿದ್ದರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಅದಕ್ಕೇ ಬಿಚ್ಚುವಾಗ ಸೆನ್ಸರ್ ಎಷ್ಟನೇ ಸಾಲಿನಲ್ಲಿ, ಎಷ್ಟು ಆಳಕ್ಕಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಮೂರನೆಯದು ಗ್ಯಾಸ್ ಕಡಿಮೆಯಾಗಿರುವುದು. ಆರ್-134ಎ ಗೇಜಿನಲ್ಲಿ ಒತ್ತಡ 28 ಪಿಎಸ್‌ಐ ಎಂದರೆ ಕಾಯಿಲ್ ಒಳಗೆ ಸುಮಾರು ಸೊನ್ನೆ ಡಿಗ್ರಿ. ತಗ್ಗು ಒತ್ತಡದ ಮುಳ್ಳು ಅದಕ್ಕಿಂತ ಕೆಳಗೇ ನಿಂತುಬಿಟ್ಟರೆ ಐಸ್ ಕಟ್ಟುವ ಸಂಭವ ಹೆಚ್ಚು. ಗ್ಯಾಸ್ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಜಾಯಿಂಟುಗಳಲ್ಲಿ ಎಣ್ಣೆಯ ಮೇಲೆ ಧೂಳು ಮೆತ್ತಿದ ಕಪ್ಪು ಕಲೆ ಹುಡುಕಿ ಎಸಿ ಮೆಕ್ಯಾನಿಕ್‌ಗೆ ತೋರಿಸಿ. ಸೋರುವ ಜಾಗ ಹಿಡಿಯದೆ ಗ್ಯಾಸ್ ತುಂಬಿಸುವುದು ಜರಡಿಗೆ ನೀರು ಹೊಯ್ದ ಹಾಗೆ.

ದಪ್ಪ ಪೈಪು, ಕಾಯಿಲ್‌ಗೆ ಗ್ಯಾಸ್ ಬಿಡುವ ಎಕ್ಸ್‌ಪಾನ್ಷನ್ ವಾಲ್ವ್ ಇವುಗಳ ಮೇಲಿನ ಹೊದಿಕೆ ಹರಿದಿದ್ದರೂ ಬೆವರಿ ಹನಿಯುತ್ತವೆ. ಟ್ರೇಯ ಹೊರಗೆ ಹನಿಯುವ ಈ ನೀರಿಗೆ ಡ್ರೇನ್ ಎಂಬುದೇ ಇಲ್ಲ. 9 ಅಥವಾ 13 ಮಿ.ಮೀ. ದಪ್ಪದ ಕಪ್ಪು ನೈಟ್ರೈಲ್ ರಬ್ಬರ್ ಇನ್ಸುಲೇಷನ್ ಹಾಕಿ, ಸೀಳನ್ನೂ ಎರಡು ತುದಿಗಳನ್ನೂ ಟೇಪಿನಿಂದ ಮುಚ್ಚಿ. ಗೋಣಿ, ವೇಸ್ಟ್ ಬಟ್ಟೆ ಸುತ್ತಿದರೆ ಅದು ನೀರು ಕುಡಿದು ಇನ್ನಷ್ಟು ಸುರಿಸುತ್ತದೆ.

ಮಳೆ, ತೊಳೆಯುವ ನೀರು

ಧೂಳು ಇಲ್ಲಿ ನಮ್ಮ ಮಿತ್ರ. ನೀರು ಹರಿದ ಕಡೆ ಕೆಂದೂಳಿನಲ್ಲಿ ಗೆರೆ ಮೂಡಿರುತ್ತದೆ, ಟಾರ್ಚ್ ಅಡ್ಡ ಹಿಡಿದು ಆ ಗೆರೆಯ ಬುಡದಿಂದ ಮೇಲಕ್ಕೆ ಹೋದರೆ ಸಂದು ಸಿಗುತ್ತದೆ. ಗೆರೆ ಇಲ್ಲದಿದ್ದರೆ ಒಬ್ಬರು ಒಳಗೆ ಕೂತು, ಇನ್ನೊಬ್ಬರು ಹೊರಗಿನಿಂದ ಸಾದಾ ಪೈಪಿನಲ್ಲಿ ನೀರು ಬಿಡಬೇಕು. ಕೆಳಗಿನಿಂದ ಶುರು ಮಾಡಿ ಒಂದೊಂದು ಜಾಗಕ್ಕೆ ಐದು ನಿಮಿಷ. ಮೊದಲೇ ಚಾವಣಿಗೆ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ. ಚಾವಣಿಯ ಕಿಂಡಿ, ತಿರುಗುವ ಹಳದಿ ದೀಪದ ವೈರಿನ ತೂತು, ಬಾಗಿಲ ರಬ್ಬರಿನ ಕೆಳಮೂಲೆ ಸಾಮಾನ್ಯವಾಗಿ ಸಿಕ್ಕಿಬೀಳುವ ಮೂವರು. ಬಾಗಿಲ ರಬ್ಬರ್ ಪರೀಕ್ಷೆಗೆ ಪೇಪರ್ ಚೂರು ಇಟ್ಟು ಬಾಗಿಲು ಹಾಕಿ ಎಳೆಯಿರಿ, ಸಲೀಸಾಗಿ ಬಂದರೆ ಅಲ್ಲಿ ಹಿಡಿತವಿಲ್ಲ. ತೊಳೆಯುವಾಗ ಹೊರಗಾಳಿಯ ಫಿಲ್ಟರ್ ಮುಚ್ಚಳಕ್ಕೆ ಪ್ರೆಷರ್ ಗನ್ ಹಿಡಿಯಲೇಬೇಡಿ.

ಒಣಗಿಸುವುದು, ಮತ್ತೆ ಬರದ ಹಾಗೆ

ಸೋರಿದ್ದು ನಿಂತ ಮೇಲೂ ಮ್ಯಾಟ್ ಎತ್ತಿ ಅಡಿಯ ಸ್ಪಂಜು ಬಿಸಿಲಿಗೆ ಹಾಕಿ, ಇಲ್ಲದಿದ್ದರೆ ನೆಲದ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಒದ್ದೆಯಾದ ಕಪ್ಲರ್‌ಗಳನ್ನು ಬ್ಯಾಟರಿ ಬಂದ್ ಇರುವಾಗಲೇ ಬಿಡಿಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪೂರ್ತಿ ಆರಿದ ಮೇಲೆ ಸೇರಿಸಿ.

ಶುಚಿ ಮಾಡುವ ದಿನ ಧೂಳಿನ ಮೇಲೆ ಹೋಗುತ್ತದೆ, ಕ್ಯಾಲೆಂಡರಿನ ಮೇಲಲ್ಲ. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಯಂತ್ರಗಳಿಗೆ ವಾರಕ್ಕೊಮ್ಮೆ ಕೊಕ್ಕು ಹಿಸುಕುವುದು, ಮೇ ಕೊನೆಯಲ್ಲಿ ಸೀಟ್ ತೆಗೆದು ಟ್ರೇ ಶುಚಿ ಮಾಡುವುದು ಬೇಕೇ ಬೇಕು. ಶಕ್ತಿನಗರದ ವಿದ್ಯುತ್ ಸ್ಥಾವರದ ಕಲ್ಲಿದ್ದಲು ರಾಶಿಯ ಮೇಲೆ ಓಡುವ ಡೋಜರ್‌ನಲ್ಲಿ ಧೂಳು ಕಾಯಿಲ್ ಫಿನ್‌ಗೇ ಹೆಚ್ಚು ಮೆತ್ತುತ್ತದೆ, ಅಲ್ಲಿ ಫಿಲ್ಟರ್ ಮೇಲೆ ಕಣ್ಣಿಡಿ. ಹಟ್ಟಿಯಂಥ ಭೂಗತ ಗಣಿಯ ಹವೆ ವರ್ಷವಿಡೀ ತೇವ, ಅಲ್ಲಿ ಎಸಿ ಕ್ಯಾಬಿನ್ ಓಡಿದರೆ ಜೂನ್‌ಗೆ ಕಾಯುವ ಮಾತೇ ಇಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಭತ್ತ ಕಟಾವು ಯಂತ್ರಗಳ ಕಾಟ ಬೇರೆ: ಹೊಟ್ಟು, ಎಳೆಯಂಥ ಮುಳ್ಳು ಬಲೆ ಕಟ್ಟಿ ಟ್ರೇ ಮೂತಿ ಮುಚ್ಚುತ್ತವೆ, ನೆನೆದು ಕೊಳೆತು ಹುಳಿ ವಾಸನೆ ಬರುತ್ತದೆ. ಅದರ ಜೊತೆ ಎರೆ ಮಣ್ಣು ಸೇರಿದರೆ ನೀರು ಕುಡಿದು ಉಬ್ಬಿ ಪೈಪಿಗೆ ಬಿರಡೆ ಹಾಕಿದಂತಾಗುತ್ತದೆ. ಹಂಗಾಮು ಮುಗಿದು ಯಂತ್ರ ಶೆಡ್ ಸೇರುವಾಗಲೇ ತೊಳೆದಿಡಿ. ಮುಂದಿನ ಹಂಗಾಮಿಗೆ ಎಂದು ಬಿಟ್ಟರೆ ಇಲಿಗಳು ಹೋಸ್ ಕಡಿದಿರುತ್ತವೆ.

ಎಲ್ಲ ಜೋಡಿಸಿದ ಮೇಲೆ ಬಾಗಿಲು ಹಾಕಿ, ಎಸಿ ಪೂರ್ತಿ ಏರಿಸಿ ಒಂದು ತಾಸು ಓಡಿಸಿ. ಮೊದಲು ಸಮ ನೆಲದಲ್ಲಿ, ಆಮೇಲೆ ಎರಡೂ ಕಡೆಗೆ ಓರೆಯಾಗಿ. ಈ ಹೊತ್ತಿನಲ್ಲಿ ಯಾರೂ ಯಂತ್ರದ ಅಡಿಗೆ ಹೋಗಬಾರದು, ದೂರದಿಂದಲೇ ನೆಲ ನೋಡಿದರೆ ಸಾಕು. ತೇವದ ದಿನ ನೆಲದ ಮೇಲೆ ಅಂಗೈಯಗಲದ ಒದ್ದೆ ಕಾಣಬೇಕು. ಅದು ಕಾಣದೆ ಕ್ಯಾಬಿನ್ ನೆಲವೂ ಒಣಗಿದ್ದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ನೀರು ಇನ್ನೂ ಟ್ರೇಯಲ್ಲೇ ತುಂಬುತ್ತಿದೆ.